ಳ ಇಲ್ಲದ ಹೊಳೆ

ಕನ್ನಡ ಕಾವ್ಯವನ್ನು ಉದ್ಧಾರ ಮಾಡುವ ಯೋಗ ನನ್ನ ಜಾತಕದಲ್ಲಿದೆ ಎಂದು ನನಗೆ ಮೊದಲಿನಿಂದಲೂ ಗುಮಾನಿ ಇತ್ತು. ಕವಿತೆ ಬರೆಯಲು ನನಗೆ ಬರುತ್ತಿರಲಿಲ್ಲ. ಅದು ಬೇರೆ ಮಾತು. ಬರೆಯುವವರು ಹೊಸಪೇಟೆಯಲ್ಲಿ ಬೇಕಾದಷ್ಟು ಜನ ಇದ್ದರು. ಅಚ್ಚು ಹಾಕುವವರೇ ಇರಲಿಲ್ಲ. ಆದ್ದರಿಂದ ಅದೇ ಊರಿನ ಚಿತ್ತವಾಡ್ಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನೊಂದು ಅಚ್ಚುಕೂಟ ತೆರೆದೆ. ಅದಕ್ಕಿಟ್ಟ ಹೆಸರು ಎಷ್ಟು ಉದ್ದವಾಗಿತ್ತೆಂದರೆ, ಗೋಡೆಯ ಮೇಲೆ ಬರೆಯುತ್ತಾ ಹೋದವನು ಮೂಲೆ ತಿರುಗಿ ಸಂದಿಯೊಳಗೆ ಹೋಗಿ ಮುಗಿಸಬೇಕಾಯಿತು. ಹೆಸರಿನ ಮೊದಲರ್ಧವನ್ನು ಊರ ಜನ ಓದುತ್ತಿದ್ದರು, ಉಳಿದರ್ಧವನ್ನು ನಮ್ಮ ಎಮ್ಮೆ ಓದುತ್ತಿತ್ತು!

ಅಚ್ಚಿಗೆ ಬೇಕಾದ ಸೀಸದ ಅಕ್ಷರಗಳಿಗೆ ಮೊಳೆ ಎನ್ನುತ್ತಾರೆ. ಬಳ್ಳಾರಿಯಲ್ಲಿ ಹಳೆಯ ಅಚ್ಚುಕೂಟವೊಂದು ಮುಚ್ಚುತ್ತಿದೆ, ಮೊಳೆಗಳನ್ನು ಮಾರುತ್ತಿದ್ದಾರೆ ಎಂದು ಕೇಳಿ ಓಡಿದೆ. ಒಂದೊಂದೇ ಖಾನೆ ಎಳೆದು ನೋಡಿದೆ. ಆಹಾ! ಕ್ಷ ರಾಶಿ ರಾಶಿ. ಜ್ಞ ರಾಶಿ ರಾಶಿ. ಷ ಅಂತೂ ಮೊಗೆದಷ್ಟೂ ಇತ್ತು. ಇಂಥ ಕಠಿಣ ಅಕ್ಷರಗಳೇ ಇಷ್ಟಿರುವಾಗ ಸಾಮಾನ್ಯ ಅಕ್ಷರಗಳ ಚಿಂತೆ ಏಕೆ ಎಂದು ಉಳಿದ ಖಾನೆಗಳನ್ನು ಎಳೆದು ನೋಡಲೇ ಇಲ್ಲ. ಆ ಅಚ್ಚುಕೂಟದವರು ಜೀವಮಾನವೆಲ್ಲ ಏನು ಅಚ್ಚು ಹಾಕುತ್ತಿದ್ದರು ಎಂದು ಕೇಳುವ ಬುದ್ಧಿಯೂ ಬರಲಿಲ್ಲ.

ಮೊಳೆ ಜೋಡಿಸಲು ಖಾಜಾಸಾಬನನ್ನು ಗೊತ್ತುಮಾಡಿದೆ. ಅವನ ಕೈ ಚುರುಕು, ಬಾಯಿ ಇನ್ನೂ ಚುರುಕು. ಲಗ್ನಪತ್ರಿಕೆ ಎಂದರೆ ಅವನಿಗೆ ಪ್ರಾಣ. ಕವಿತೆ ಎಂದರೆ ಮಾತ್ರ ಆಗುತ್ತಿರಲಿಲ್ಲ. “ಅರ್ಧ ಸಾಲಿಗೇ ನಿಲ್ಲಿಸಿಬಿಡ್ತಾರಲ್ರೀ ಆಚಾರ್ರ, ಉಳಿದಿದ್ದು ಯಾರು ಬರೀಬೇಕು?” ಎಂದು ಕೇಳುತ್ತಿದ್ದ.

ಸಂಜೆಯಾದರೆ ಕವಿಗಳು ಬಂದು ಜಗಲಿಯ ಮೇಲೆ ಕೂಡುತ್ತಿದ್ದರು. ಕಮಲಾಪುರದಿಂದ ನಡೆದುಕೊಂಡು ಬರುವವರಿದ್ದರು, ಸಂಡೂರಿನಿಂದ ಗಾಡಿ ಕಟ್ಟಿಸಿಕೊಂಡು ಬರುವವರೂ ಇದ್ದರು. ಒಂದು ಸಾಲಿನ ಒಂದು ಪದಕ್ಕಾಗಿ ಹೊಡೆದಾಡುವುದೊಂದು ಬಾಕಿ. ನಾವು ಹಾಕುತ್ತಿದ್ದದ್ದು ತೆಳ್ಳನೆಯ ಪುಸ್ತಕಗಳು. ಒಬ್ಬರದನ್ನು ಉಳಿದವರು ಓದುತ್ತಿದ್ದರು, ಉಳಿದವರದನ್ನು ಆ ಒಬ್ಬರು ಓದುತ್ತಿದ್ದರು. ಇಷ್ಟು ಸಣ್ಣ ಊರಿನಲ್ಲಿ, ಇಷ್ಟು ಸಣ್ಣ ಜಗಲಿಯ ಮೇಲೆ, ಮನುಷ್ಯರು ಮಾತಿನ ಸೊಗಸಿಗೋಸ್ಕರ ಹೊತ್ತು ಕಳೆಯುತ್ತಿದ್ದರಲ್ಲ ಎಂದು ಈಗ ನೆನೆದರೆ ಹಿಗ್ಗಾಗುತ್ತದೆ. ಆಗ ಹಿಗ್ಗುವುದಕ್ಕೆ ನನ್ನ ಹೆಂಡತಿ ರುಕ್ಮಿಣಿ ಬಿಡುತ್ತಿರಲಿಲ್ಲ. “ನಿಮ್ಮ ಮಂದಿ ಒಂದು ಹಾಡು ಬರ್ಯೋದರಾಗ ನನ್ನ ಕಾಫಿಪುಡಿ ಡಬ್ಬಿ ಖಾಲಿ ಆಗ್ತದ,” ಎನ್ನುತ್ತಿದ್ದಳು.

ಆ ಕೂಟದ ಮುಂದಾಳು ತಾಲೂಕು ಕಚೇರಿಯ ಗುಮಾಸ್ತ ಶೇಷಗಿರಿ. ಹೊಸ ಕವಿ, ಹೊಸ ಕನ್ನಡಕ. ಅವನ ವೈರವೆಲ್ಲ ಪ್ರಾಸದ ಮೇಲೆ. ನಮ್ಮ ಹಳೆಯ ಕಾವ್ಯದಲ್ಲಿ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಕಟ್ಟು ಇದೆಯಲ್ಲ, ಅದೇ ಆದಿಪ್ರಾಸ. ಮೊದಲ ಸಾಲು ‘ಹೊಳೆ’ ಎಂದು ಶುರುವಾದರೆ ಮುಂದಿನದು ‘ಮಳೆ’, ಅದರ ಮುಂದಿನದು ‘ಬೆಳೆ’, ಹೀಗೆ. “ಪ್ರಾಸ ಅಂದರ ಕಾವ್ಯದ ಕಾಲಿಗೆ ಹಾಕಿದ ಕೋಳ. ಕಡಿದು ಒಗೀಬೇಕು!” ಎಂದು ಶೇಷಗಿರಿ ಕಾಫಿ ಲೋಟ ಕುಕ್ಕಿ ಹೇಳುತ್ತಿದ್ದ. ನಾನು ಎರಡು ಕಡೆಗೂ ತಲೆಯಾಡಿಸುತ್ತಿದ್ದೆ. ಅಚ್ಚುಕೂಟದವನಿಗೆ ಪಕ್ಷ ಇರಬಾರದು.

ಹೀಗಿರುವಾಗ ಕಂಪ್ಲಿಯಿಂದ ನಮ್ಮ ಮಾವನವರು ಬಂದರು. ಭೀಮಸೇನಾಚಾರ್ಯರು. ಕಂಪ್ಲಿಯ ಶಾಲೆಯಲ್ಲಿ ಮೇಷ್ಟರಾಗಿ ಮೂರು ತಲೆಮಾರಿಗೆ ಅಕ್ಷರ ತಿದ್ದಿಸಿ ಮನೆಯಲ್ಲಿ ಕುಳಿತವರು. ಕಂಕುಳಲ್ಲಿ ಮಡಿವಸ್ತ್ರದಲ್ಲಿ ಸುತ್ತಿದ ಒಂದು ಕಟ್ಟು. ಅದನ್ನು ನನ್ನ ಕೈಗೆ ಕೊಡುವಾಗ ಅವರ ಕೈ ನನ್ನ ಕೈಯನ್ನು ಗಾಳಿಯಲ್ಲಿ ಹುಡುಕಿತು.

“ಅಳಿಯಂದಿರ, ಇದು ‘ಹೊಳೆ ವಿಲಾಸ’. ಷಟ್ಪದಿ ಕಾವ್ಯ. ನಿಮ್ಮ ಅತ್ತಿ ಆನೆಗೊಂದಿ ಕಡಿಂದ ಹರಗೋಲಿನಾಗ ಕೂತು ಹೊಳಿ ದಾಟಿ ನಮ್ಮ ಮನಿ ತುಂಬಿದಾಕಿ. ಅವತ್ತು ಶುರು ಮಾಡಿದ್ದು, ಅಕಿ ತೀರಿಕೊಂಡ ವರ್ಷ ಮುಗಿಸಿದೆ. ಕಣ್ಣಿಗೆ ಪೊರಿ ಬರಾಕ ಹತ್ತ್ಯದ. ದಸರಾ ಅನ್ನೋದರಾಗ ಪೂರಾ ಕತ್ತಲಿ ಅಂತಾರ ಡಾಕ್ಟರು. ಅದರೊಳಗ ಒಮ್ಮೆ, ನನ್ನ ಕಣ್ಣಿಲೆ, ಅಚ್ಚಿನಾಗ ಓದಬೇಕಂತ ಆಸೆ.”

ರುಕ್ಮಿಣಿ ಸೆರಗಿನಿಂದ ಕಣ್ಣೊರಸಿಕೊಂಡಳು. ನಾನು ಎದೆ ಉಬ್ಬಿಸಿ, “ದಸರಾ ಯಾಕ ಮಾವ, ಗಣಪತಿ ಹಬ್ಬಕ್ಕ ನಿಮ್ಮ ಕೈಯಾಗ ಇಡ್ತೀನಿ!” ಎಂದೆ. ಅವರನ್ನು ಗಾಡಿ ಹತ್ತಿಸಿ ಕಳಿಸಿದೆ. ಒಳಗೆ ಬಂದು ಕಟ್ಟು ಬಿಚ್ಚಿದೆ. ಮೊದಲ ಪದ್ಯ ಹೀಗೆ ಶುರುವಾಗಿತ್ತು:

ಹೊಳೆಯ ನೀರಲಿ ಮೊಗವ ನೋಡುತ
ಮಳೆಯ ಮೋಡವು ನಗುತ ನಿಂತಿರೆ
ಬೆಳೆಯ ತೆನೆಗಳು ತಲೆಯ ಬಾಗಿಸಿ ಮಣಿದು ವಂದಿಸಿವೆ

ಎಂಥ ಸೊಗಸು ಎನ್ನುತ್ತಾ ಪುಟ ತಿರುಗಿಸಿದೆ. ಎರಡನೆಯ ಪದ್ಯವೂ ಳ. ಮೂರನೆಯದೂ ಳ. ಮಾವನವರು ಇಡೀ ಕಾವ್ಯವನ್ನು ಒಂದೇ ಪ್ರಾಸದಲ್ಲಿ, ಹೊಳೆಯ ಳ ಹಿಡಿದೇ ಬರೆದಿದ್ದರು! ಒಬ್ಬ ಮನುಷ್ಯ ಹೆಂಡತಿಗಾಗಿ ಹಿಡಿದ ವ್ರತ ಅದು ಎಂದು ನನಗೆ ಹೊಳೆಯಲಿಲ್ಲ. ಏನು ಪಾಂಡಿತ್ಯ ಎಂದುಕೊಂಡೆ, ಅಷ್ಟೇ.

ಖಾಜಾಸಾಬ ಮೊಳೆ ಜೋಡಿಸಲು ಕುಳಿತ. ಎರಡನೆಯ ಪದ್ಯ ಮುಗಿಯುವ ಮೊದಲೇ ಎದ್ದು ಬಂದ.

“ಳ ಆತ್ರಿ.”

“ಆತು ಅಂದರ?”

“ಆತು ಅಂದರ ಆತ್ರಿ! ಖಾನ್ಯಾಗ ಇದ್ದಿದ್ದೇ ಒಂದು ಹಿಡಿ.”

ನಾನು ಹೋಗಿ ಖಾನೆಯಲ್ಲಿ ಕೈಯಾಡಿಸಿದೆ. ಬರಿಯ ದೂಳು. ಬಳ್ಳಾರಿಗೆ ಆಳು ಕಳಿಸಿ ವಿಚಾರಿಸಿದ ಮೇಲೆ ಗುಟ್ಟು ಗೊತ್ತಾಯಿತು. ಆ ಹಳೆಯ ಅಚ್ಚುಕೂಟದವರು ಹುಟ್ಟಿದಾರಭ್ಯ ಕನ್ನಡ ಲಿಪಿಯಲ್ಲಿ ಸಂಸ್ಕೃತ ಸ್ತೋತ್ರಗಳನ್ನಷ್ಟೇ ಅಚ್ಚು ಹಾಕುತ್ತಿದ್ದರಂತೆ. ಸಂಸ್ಕೃತದಲ್ಲಿ ಳ ಎಲ್ಲಿಂದ ಬರಬೇಕು? ದೇವರಿಗೆ ಳ ಬೇಕಾಗಿರಲಿಲ್ಲ. ನಮ್ಮ ಲಗ್ನಪತ್ರಿಕೆಗಳಲ್ಲೂ ಮುಕ್ಕಾಲು ಸಂಸ್ಕೃತವೇ, ಕೂಟದವರ ಅರ್ಧ ಸಾಲಿನ ಕವಿತೆಗಳಿಗೆ ಪುಟಕ್ಕೆ ನಾಲ್ಕು ಳ ಇದ್ದರೆ ಸಾಕು, ಆದ್ದರಿಂದ ಇಷ್ಟು ದಿನ ಕೊರತೆ ಕಂಡಿರಲಿಲ್ಲ. ಜ್ಞ ರಾಶಿಯ ಮೇಲೆ ಕುಳಿತ ಅಜ್ಞಾನಿ ನಾನೊಬ್ಬನೇ!

“ಒಂದೊಂದೇ ಪದ್ಯ ಜೋಡಿಸಿ, ಅಚ್ಚು ಹಾಕಿ, ಮೊಳಿ ಬಿಚ್ಚಿ, ಮತ್ತ ಮುಂದಿಂದು ಹಾಕೋಣು?” ಎಂದೆ.

“ಹಾಕೋಣ್ರಿ. ನಿಮ್ಮ ಮೊಮ್ಮಕ್ಕಳ ಲಗ್ನದಾಗ ಪುಸ್ತಕ ಹಂಚಬೌದು,” ಎಂದ ಖಾಜಾ.

ಆಗ ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದು. ಏನು ಬೇಕಾದರೂ ಮದರಾಸಿಗೆ ಬರೆಯಬೇಕು, ಅದೂ ಇಂಗ್ಲಿಷಿನಲ್ಲಿ. ಮೊಳೆ ಎರಕ ಹೊಯ್ಯುವ ಅಲ್ಲಿನ ಒಂದು ಕಾರ್ಖಾನೆಗೆ ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಕನ್ನಡದ ‘ಲಾ’ ಅಕ್ಷರವನ್ನು ಜಾಗ್ರತೆ ಕಳಿಸತಕ್ಕದ್ದು ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದೆ. ದಾರಿ ಕಾದೂ ಕಾದೂ ಗಣಪತಿ ಹಬ್ಬ ಕಳೆಯಿತು. ಕಡೆಗೊಂದು ದಿನ ರೈಲಿನಲ್ಲಿ ಪೆಟ್ಟಿಗೆ ಬಂತು. ತೆಂಗಿನಕಾಯಿ ಒಡೆದು, ಊದಿನಕಡ್ಡಿ ಹಚ್ಚಿ ಪೆಟ್ಟಿಗೆ ತೆರೆದೆವು. ಒಳಗೆ ಹೊಳೆಹೊಳೆಯುವ ಮೊಳೆಗಳು. ಎಲ್ಲವೂ ಲ! ನೀವೇ ಹೇಳಿ, ಇಂಗ್ಲಿಷಿನವನಿಗೆ ಲ ಯಾವುದು, ಳ ಯಾವುದು?

ಖಾಜಾಸಾಬ ಸಮಾಧಾನ ಮಾಡಿದ. “ಇದನ್ನ ಹಾಕಿಬಿಡೋಣ್ರಿ. ಎಲ್ಲಾ ಒಂದೇ ಸಂತಾನ.” ಅಚ್ಚು ಹಾಕಿ ಒಂದು ಹಾಳೆಯನ್ನು ನನ್ನ ಮುಂದೆ ಹಿಡಿದ. ಮಾವನವರ ಪದ್ಯದಲ್ಲಿ ಗುಬ್ಬಿ ಗದ್ದೆಗೆ ಬಂದು ಕಾಳು ತಿನ್ನುತ್ತಿತ್ತು. ಖಾಜಾಸಾಬನ ಹಾಳೆಯಲ್ಲಿ ಅದು ಕಾಲು ತಿನ್ನುತ್ತಿತ್ತು! ‘ಆಳು ಮಾಡಿದ್ದು ಹಾಳು’ ಎಂಬ ಗಾದೆಯನ್ನು ಅವನಿಗೆ ಸಿಟ್ಟಿನಿಂದ ಹೇಳಿದೆ. “ಅದೂ ಈ ಮೊಳ್ಯಾಗ ಭಾಳ ಚಲೋ ಬರತೈತ್ರಿ,” ಎಂದ. “ಆಲು ಮಾಡಿದ್ದು ಹಾಲು.”

ಆಮೇಲೆ ನನಗೆ ತೆಲುಗಿನ ನೆನಪಾಯಿತು. ಗುಂತಕಲ್ಲಿನ ಕಡೆ ತೆಲುಗು ಅಚ್ಚುಕೂಟ ಇಟ್ಟಿದ್ದ ಸ್ನೇಹಿತರೊಬ್ಬರಿದ್ದರು. ತೆಲುಗಿನ ಳ, ಕನ್ನಡದ ಳ ಒಡಹುಟ್ಟಿದ ಅಕ್ಷರಗಳು. ಪಕ್ಕದಲ್ಲಿಟ್ಟರೆ ಹೆತ್ತ ತಾಯಿಗೂ ಗುರುತು ಸಿಕ್ಕಲಿಕ್ಕಿಲ್ಲ. ಒಂದು ಚೀಲ ಎರವಲು ತಂದೆ. ಮೊಳೆಗಳು ಸಾಲಿನಲ್ಲಿ ಕುಳಿತವು. ಯಂತ್ರ ಒತ್ತಿದೆವು. ತೆಲುಗು ಮೊಳೆ ನಮ್ಮದಕ್ಕಿಂತ ಕೂದಲೆಳೆಯಷ್ಟು ಎತ್ತರವಿದ್ದದ್ದು ಆಗ ತಿಳಿಯಿತು. ಕಾಗದ ತೆಗೆದು ಬೆಳಕಿಗೆ ಹಿಡಿದರೆ ಹೊಳೆ ಇದ್ದಲ್ಲಿ ತೂತು, ಮಳೆ ಇದ್ದಲ್ಲಿ ತೂತು, ಬೆಳೆ ಇದ್ದಲ್ಲಿ ತೂತು! ಮಾವನವರ ಕಾವ್ಯವನ್ನು ಜರಡಿಯಾಗಿ ಬಳಸಬಹುದಿತ್ತು.

ರುಕ್ಮಿಣಿ ದಿನಾ ಕೇಳುತ್ತಿದ್ದಳು. “ಎಲ್ಲೀತನಕ ಬಂತು ಅಪ್ಪನ ಪುಸ್ತಕ?”

“ಮೊಳಿ ಸರಿ ಇಲ್ಲ ನೋಡು.”

“ಕುಣೀಲಿಕ್ಕೆ ಬಾರದಾಕಿ ನೆಲ ಡೊಂಕು ಅಂದಳಂತ,” ಎಂದು ಅವಳು ಬೀಸುವ ಕಲ್ಲಿನ ಮುಂದೆ ಕುಳಿತು ಏನೋ ಹಾಡಿಕೊಳ್ಳುತ್ತಿದ್ದಳು. ಏನು ಹಾಡುತ್ತಾಳೆ ಎಂದು ನಾನು ಕಿವಿಗೊಟ್ಟವನಲ್ಲ. ಕಾವ್ಯ ಏನಿದ್ದರೂ ಪಡಸಾಲೆಯಲ್ಲಿ ನಡೆಯುತ್ತದೆ, ಅಡುಗೆಮನೆಯ ಹಾಡಿಗೆ ನಮ್ಮ ಕೂಟದಲ್ಲಿ ಜಾಗವಿರಲಿಲ್ಲ.

ದಸರಾ ಹತ್ತಿರ ಬಂತು. ಕಂಪ್ಲಿಯಿಂದ ಬಂದವರೊಬ್ಬರು, “ಆಚಾರ್ಯರು ಮುಂಜಾನೆ ಸೂರ್ಯನ ಕಡಿಗೆ ಕೈ ಹಿಡಿದು, ಬೆರಳು ಕಾಣ್ತಾವೇನು ಅಂತ ದಿನಾ ನೋಡಿಕೋತಾರ,” ಎಂದು ಹೇಳಿದರು. ಆ ಮುದುಕರ ಕಣ್ಣು ನನ್ನ ಖಾಲಿ ಖಾನೆಗಾಗಿ ಕಾಯುವುದಿಲ್ಲ. ಏನಾದರೂ ಮಾಡಲೇಬೇಕು. ಅಂದು ನಾನು ಮಾಡಿದ ನಿರ್ಧಾರವನ್ನು ಈಗ ಬರೆಯಲೂ ಭಯವಾಗುತ್ತದೆ. ಮೊಳೆಗೆ ತಕ್ಕಂತೆ ಕಾವ್ಯವನ್ನೇ ತುಸು ತಿದ್ದುವುದು!

ಮೊದಲು ಒಂದೆರಡು ಪದ ಎಂದುಕೊಂಡೆ. ‘ಹೊಳೆ’ ತೆಗೆದು ‘ನದಿ’ ಹಾಕಿದೆ. ಮಾತ್ರೆ ಸರಿಹೋಯಿತು, ಅರ್ಥವೂ ಸರಿಹೋಯಿತು. ‘ಮಳೆಯ ಮೋಡ’ ಹೋಗಿ ‘ಕರಿಯ ಮೋಡ’ ಬಂತು. ಪ್ರಾಸ ಮಾತ್ರ ಹಾರಿಹೋಯಿತು. ಹೋಗಲಿ ಬಿಡು, ಒಂದು ಪದ್ಯದಲ್ಲಿ ತಾನೇ ಎಂದು ಮುಂದೆ ನೋಡಿದರೆ ‘ತೆನೆಗಳು.’ ಅಯ್ಯೋ ದೇವರೇ! ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಏನಿದ್ದರೂ ಅದಕ್ಕೆ ‘ಗಳು’ ಬೇಕು, ‘ಗಳು’ ಎಂದರೆ ಳ ಬೇಕು. ಹುಟ್ಟಿದಾಗಿನಿಂದ ಈ ಭಾಷೆ ಆಡುತ್ತಿದ್ದೇನೆ, ಅದುವರೆಗೆ ಗಮನಿಸಿರಲಿಲ್ಲ. ಆದ್ದರಿಂದ ನಮ್ಮ ಅಚ್ಚುಕೂಟದಲ್ಲಿ ಬಹುವಚನವನ್ನು ನಿಷೇಧಿಸಲಾಯಿತು. ಅಲೆಗಳು ಹೋಗಿ ಅಲೆಯಾಯಿತು. ಮೀನುಗಳು ಹೋಗಿ ಮೀನಾಯಿತು. ‘ನೆಲ್ಲ ತೆನೆಯದು ತಲೆಯ ಬಾಗಿಸಿ ಮಣಿದು ವಂದಿಸಿದೆ’ ಎಂದು ತಿದ್ದಿದೆ. ಕಂಪ್ಲಿಯ ಗದ್ದೆ ಬಯಲಿಗೆಲ್ಲ ಒಂದೇ ಒಂದು ತೆನೆ!

ಅಷ್ಟಕ್ಕೇ ಮುಗಿಯಲಿಲ್ಲ. ಮಾವನವರು ಹೊಳೆಯನ್ನು ಹೆಣ್ಣು ಮಾಡಿ ಹಾಡಿದ್ದರು. ಅವಳು ನಲಿದಳು, ಒಲಿದಳು, ಬಂದಳು. ಹೆಣ್ಣಿಗೂ ಳ ಬೇಕು! ಕನ್ನಡದಲ್ಲಿ ಹೆಣ್ಣು ಏನು ಮಾಡಿದರೂ ಕೊನೆಗೆ ಒಂದು ಳ ಬಿಟ್ಟು ಹೋಗುತ್ತಾಳೆ. ಈ ಗಂಟನ್ನು ಬಿಡಿಸುವಷ್ಟರಲ್ಲಿ ನನಗೆ ಬೆವರಿಳಿಯಿತು. ಆಮೇಲೆ ದಿವ್ಯವಾದ ಉಪಾಯ ಹೊಳೆಯಿತು. ಹೊಳೆಗೆ ಮರ್ಯಾದೆ ಕೊಟ್ಟುಬಿಡುವುದು! ‘ಬಂದಳು’ ಎನ್ನುವ ಬದಲು ‘ಬಂದರು.’ ಮಾತ್ರೆ ಅಷ್ಟೇ, ಗೌರವ ಹೆಚ್ಚು. ಮಾವನವರು ಬರೆದದ್ದು ಹೀಗಿತ್ತು:

ಸುಳಿಯ ಸೀರೆಯ ನೆರಿಗೆ ಚಿಮ್ಮುತ
ಇಳಿದು ಬಂದಳು ನಮ್ಮ ಹೊಸಿಲಿಗೆ

ನಾನು ಅಚ್ಚು ಹಾಕಿದ್ದು ಹೀಗೆ:

ತೆರೆಯ ಸೀರೆಯ ನೆರಿಗೆ ಚಿಮ್ಮುತ
ನುಗ್ಗಿ ಬಂದರು ನಮ್ಮ ಹೊಸಿಲಿಗೆ

ಸೀರೆ ಉಟ್ಟ ಕಂದಾಯದ ಅಮಲ್ದಾರರು ಮನೆ ಜಪ್ತಿಗೆ ಬಂದ ಹಾಗಿತ್ತು. ಆದರೂ, ಹೊಳೆಯ ನೆಪದಲ್ಲಿ ಅತ್ತೆಯವರಿಗೆ ಬಹುಮಾನ ಸಂದಿತಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಹೀಗೆ ಉಳಿಸಿದ ಹಿಡಿ ಳ ಮೊಳೆಗಳನ್ನು ಹೊದಿಕೆಯ ಮೇಲಿನ ಹೆಸರಿಗೂ, ಬೇರೆ ದಾರಿಯೇ ಇಲ್ಲದ ಕೆಲವು ಕಡೆಗೂ ಬಳಸಿ, ಖಾಜಾಸಾಬ ದಸರೆಗೆ ಮೊದಲೇ ಪುಸ್ತಕ ಕಟ್ಟಿ ಮುಗಿಸಿದ. ರುಕ್ಮಿಣಿಗೆ ನಾನು ಪುಸ್ತಕ ಬಿಚ್ಚಿ ತೋರಿಸಲಿಲ್ಲ. ಮೊದಲ ಪ್ರತಿಯನ್ನು ಅಪ್ಪನೇ ಬಿಚ್ಚಲಿ ಎಂದೆ. ಅವಳಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಅಂದು ಕೂಟದವರಿಗೆ ಕಾಫಿಯ ಜೊತೆ ಅವಲಕ್ಕಿಯನ್ನೂ ಕಳಿಸಿದಳು.

ಕೂಟದವರು ಪುಸ್ತಕ ಓದಿದರು. ಶೇಷಗಿರಿ ಕನ್ನಡಕ ತೆಗೆದು ಒರೆಸಿಕೊಂಡ.

“ಏನ್ ಧೈರ್ಯರೀ ಇದು! ಈ ವಯಸ್ಸಿನಾಗ, ಷಟ್ಪದಿ ಬರಕೋತ, ಪ್ರಾಸಾನ ಕಡಿದು ಒಗದಾರ! ನಾವು ಹುಡುಗರು ಬರೇ ಮಾತಾಡಿದ್ವಿ, ಮುದುಕರು ಮಾಡಿ ತೋರಿಸ್ಯಾರ. ಆ ಒಂಟಿ ತೆನಿ ನೋಡ್ರಿ, ಇಡೀ ಜಗತ್ತಿನಾಗ ಒಂದೇ ತೆನಿ ತಲಿ ಬಾಗಿಸಿ ನಿಂತದ. ಮನುಷ್ಯನ ಏಕಾಂತ ಅದು!”

ನಾನು ಗಂಟಲು ಸರಿಮಾಡಿಕೊಂಡು, “ಮತ್ತ ಆ ‘ಬಂದರು’ ಅನ್ನೋದು?” ಎಂದೆ.

“ಅದು ಗುಡುಗು! ಪ್ರಕೃತಿಗೆ ಬಹುವಚನ. ಇಂಥದ್ದು ಯಾರೂ ಮಾಡಿಲ್ಲ.”

ಯಾರೂ ಮಾಡಿಲ್ಲ ಎಂಬುದು ಸತ್ಯವೇ ಆಗಿತ್ತು. ನನ್ನ ಕಿವಿ ಬಿಸಿಯಾದವು. ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಕವಿ ನನ್ನ ಸಾಲನ್ನು ಹೊಗಳಿದ್ದ, ಅದು ನನ್ನದೆಂದು ಹೇಳಿಕೊಳ್ಳುವಂತಿರಲಿಲ್ಲ! ಖಾನೆಯಲ್ಲಿ ಮೊಳೆ ಇಲ್ಲದಿದ್ದರೆ ಸಾಕು, ಹೊಸ ಕಾವ್ಯ ತಾನಾಗಿ ಹುಟ್ಟುತ್ತದೆ ಎಂದು ಅಂದು ತಿಳಿಯಿತು. ಎಷ್ಟು ಸುಲಭಕ್ಕೆ ಹುಟ್ಟುತ್ತದೆ ಎಂದು ಆಮೇಲೆ ತುಸು ಬೇಸರವೂ ಆಯಿತು. ಒಳಗೆ ಮಾತ್ರ ಹಿಗ್ಗೋ ಹಿಗ್ಗು. ಮಾವನವರೂ ಓದಿ ಮೆಚ್ಚಿದರೆ ಮೆಚ್ಚಲಿ ಎನ್ನುವ ಮಟ್ಟಕ್ಕೆ ನನ್ನ ತಲೆ ತಿರುಗಿತ್ತು.

ಮರುದಿನ ಗಾಡಿ ಕಟ್ಟಿಸಿಕೊಂಡು ಗಂಡ ಹೆಂಡತಿ ಕಂಪ್ಲಿಗೆ ಹೊರಟೆವು. ಕಬ್ಬಿನ ಗದ್ದೆ, ಭತ್ತದ ಗದ್ದೆ. ದಾರಿಯುದ್ದಕ್ಕೂ ತೆನೆಗಳು. ಒಂದಲ್ಲ, ಎರಡಲ್ಲ, ಕಣ್ಣು ಹಾಯುವಷ್ಟು ದೂರ ತೆನೆಗಳೇ! ನಾನು ಆ ಕಡೆ ನೋಡದೆ ಎತ್ತಿನ ಬಾಲ ನೋಡುತ್ತಾ ಕುಳಿತೆ.

ಮಾವನವರು ಜಗಲಿಯ ಮೇಲೆ ಕಾಯುತ್ತಿದ್ದರು. ಗಾಡಿಯ ಸದ್ದಿಗೆ ಎದ್ದು ನಿಂತರು. “ಬರ್ರಿ ಬರ್ರಿ, ಕುಂದ್ರಿ,” ಎಂದರು, ನಾವಿಲ್ಲದ ಕಡೆಗೆ ಮುಖ ಮಾಡಿ.

ರುಕ್ಮಿಣಿ ನನ್ನ ತೋಳು ಹಿಡಿದುಕೊಂಡಳು. ಅವರ ಕಣ್ಣು ಆಗಲೇ ಹೋಗಿತ್ತು. ಡಾಕ್ಟರು ಹೇಳಿದ್ದಕ್ಕಿಂತ ಮುಂಚೆಯೇ ಹೋಗಿತ್ತು. ಪುಸ್ತಕ ಕೈಗಿಟ್ಟೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಸುಮ್ಮನೆ ತೊಡೆಯ ಮೇಲಿಟ್ಟುಕೊಂಡು ಹಾಳೆಯ ಮೇಲೆ ಬೆರಳಾಡಿಸಿದರು.

“ಅಕ್ಷರ ಕೈಗೆ ಹತ್ತತಾವ,” ಎಂದರು. “ಭಾಳ ಚಂದ ಆಗ್ಯದ.”

ನನಗೆ ಅಳು ಬಂತು. ಯಾರ ಕಣ್ಣಿಗಾಗಿ ಇಷ್ಟು ಅವಸರ ಮಾಡಿದೆನೋ ಆ ಕಣ್ಣಿಗೆ ಪುಸ್ತಕ ಮುಟ್ಟಲಿಲ್ಲ. ಅವಸರದಲ್ಲಿ ಕೆಡಿಸಿದ್ದು ಮಾತ್ರ ಹಾಳೆಯ ಮೇಲೆ ಹಾಗೆಯೇ ಕುಳಿತಿತ್ತು.

“ರುಕ್ಮಾ, ನೀ ಓದವ್ವಾ. ನಿನ್ನ ಕಣ್ಣಿಲೆ ಕೇಳ್ತೀನಿ,” ಎಂದರು ಮಾವ.

ನನ್ನ ಅಳು ಅಲ್ಲೇ ನಿಂತಿತು. ರುಕ್ಮಿಣಿ ಪುಸ್ತಕ ಬಿಚ್ಚಿದಳು. ಮೊದಲ ಪುಟ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಪುಟ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಆ ನೋಟವನ್ನು ಜೋಡಿಸುವುದಕ್ಕೆ ಯಾವ ಅಚ್ಚುಕೂಟದಲ್ಲೂ ಮೊಳೆ ಇಲ್ಲ!

ಆಮೇಲೆ ಅವಳು ಶುರುಮಾಡಿದಳು. “ಹೊಳೆಯ ನೀರಲಿ ಮೊಗವ ನೋಡುತ, ಮಳೆಯ ಮೋಡವು ನಗುತ ನಿಂತಿರೆ…”

ಪುಟದ ಮೇಲೆ ಇಲ್ಲದ ಕಾವ್ಯವನ್ನು ಅವಳು ಪುಟ ನೋಡಿಕೊಂಡು ಓದಿದಳು. ಎಲ್ಲಿಯೂ ತಡವರಿಸಲಿಲ್ಲ. ಸರಿಯಾದ ಜಾಗದಲ್ಲಿ ಹಾಳೆಯನ್ನೂ ತಿರುವಿದಳು. ಬೀಸುವ ಕಲ್ಲಿನ ಮುಂದೆ ಇಷ್ಟು ವರ್ಷ ಅವಳು ಹಾಡಿಕೊಳ್ಳುತ್ತಿದ್ದದ್ದು ಇದೇ ಎಂದು ನನಗೆ ಆಗ ತಿಳಿಯಿತು. ಕನ್ನಡ ಕಾವ್ಯ ಉದ್ಧಾರ ಮಾಡುತ್ತೇನೆಂದು ಪಡಸಾಲೆಯಲ್ಲಿ ಕುಳಿತವನಿಗೆ ಅಡುಗೆಮನೆಯಲ್ಲಿದ್ದ ಕಾವ್ಯ ಕೇಳಿಸಿರಲಿಲ್ಲ. “ಇಳಿದು ಬಂದಳು ನಮ್ಮ ಹೊಸಿಲಿಗೆ” ಎಂದಾಗ ಮಾವನವರ ತುಟಿ ಅಲುಗಿತು. ಕಾಣದ ಕಣ್ಣಿನಿಂದ ಹೊಸಿಲಿನ ಕಡೆಗೆ ನೋಡಿದರು. ಆ ಹೊತ್ತಿನಲ್ಲಿ ನನಗೆ ಪ್ರಾಸ ಏಕೆ ಬೇಕೆಂದು ಅರ್ಥವಾಯಿತು. ಪ್ರತಿ ಸಾಲಿಗೂ ಅದೇ ಅಕ್ಷರ ಮರಳಿ ಬರುವಂತೆ ಕಟ್ಟಿದವರಿಗೆ, ಮರಳಿ ಬರಬೇಕಾದವರು ಬೇರೆ ಯಾರೋ ಇದ್ದರು.

ಓದಿ ಮುಗಿಸಿ ರುಕ್ಮಿಣಿ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ, “ಎಲಿ ಹಾಕ್ತೀನಿ,” ಎಂದು ಒಳಗೆ ಹೋದಳು. ನಾನು ಉಸಿರು ಬಿಟ್ಟೆ. ಗಂಡಾಂತರ ಕಳೆಯಿತು! ಹೆಂಡತಿ ದೇವತೆ!

“ಅಳಿಯಂದಿರ,” ಎಂದರು ಮಾವ. “ಇನ್ನೊಮ್ಮೆ ಕೇಳಬೇಕಂತ ಆಸೆ. ಅಚ್ಚು ಹಾಕಿದವರ ದನಿಯಾಗ. ನೀವು ಓದ್ರಿ.”

“ನಾನು… ಊಟ ಆದ ಮ್ಯಾಲೆ…”

“ಒಂದೇ ಪದ್ಯ. ಇಲ್ಲ ಅನಬ್ಯಾಡ್ರಿ.”

ರುಕ್ಮಿಣಿ ಓದಿದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಿನ ಖಾನೆಯೂ ಖಾಲಿ! ಬೇರೆ ದಾರಿ ಕಾಣದೆ ಇದ್ದದ್ದನ್ನೇ ಓದಿದೆ. “ನದಿಯ ನೀರಲಿ…”

“ಹೊಳೆಯ,” ಎಂದರು ಮಾವ, ಮೆತ್ತಗೆ.

“ಹಾಂ, ಹೊಳೆಯ ನೀರಲಿ ಮೊಗವ ನೋಡುತ… ಕರಿಯ ಮೋಡವು…”

“ಮಳೆಯ.”

“ಮಳೆಯ ಮೋಡವು. ನೆಲ್ಲ ತೆನೆಯದು…”

“ಬೆಳೆಯ ತೆನೆಗಳು. ಅವಸರ ಮಾಡಬ್ಯಾಡ್ರಿ. ಅಕ್ಷರ ನೋಡಿಕೊಂಡು ಓದ್ರಿ.”

ನಾನು ಬೆವರುತ್ತಾ ಪುಟ ಹಾರಿಸಿದೆ. ಎಲ್ಲಿ ಹಾರಿದರೂ ಗುಂಡಿಯೇ. ಕೊನೆಗೆ “ನುಗ್ಗಿ ಬಂದರು ನಮ್ಮ ಹೊಸಿಲಿಗೆ” ಎಂಬಲ್ಲಿಗೆ ಬಂದು ಬಿದ್ದೆ.

ಮಾವನವರು ಬೆಚ್ಚಿದರು. “ಯಾರು ಬಂದರು?”

“ತುಂಗಭದ್ರೆ…”

“ಅಕಿ ಬಂದಳು, ಅಳಿಯಂದಿರ,” ಎಂದರು. ಆಮೇಲೆ ನನ್ನ ಹೆಗಲು ಹುಡುಕಿ ಕೈಯಿಟ್ಟರು. ಇಷ್ಟು ಕರುಣೆಯಿಂದ ನನ್ನನ್ನು ಯಾರೂ ಮುಟ್ಟಿದ್ದಿಲ್ಲ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ತೊಡೆಯ ಮೇಲಿನ ಆ ಪುಸ್ತಕದಲ್ಲಿ ಅವರ ಅವಳು ಇಲ್ಲ ಎಂದು ಯಾವ ಬಾಯಿಂದ ಹೇಳಲಿ? ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಅವರೇ ಕೂಗಿದರು.

“ರುಕ್ಮಾ! ಬಾ ಇಲ್ಲಿ. ನನ್ನ ಮುಂದ ಖರೇ ಹೇಳು. ನಿನ್ನ ಗಂಡಗ ಓದಾಕ ಬರಂಗಿಲ್ಲೇನು?”

ರುಕ್ಮಿಣಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಕಾಪಾಡು ತಾಯಿ ಎಂದು ಕಣ್ಣಿನಲ್ಲೇ ಕೈಮುಗಿದೆ. ಅವಳು ತಲೆ ತಗ್ಗಿಸಿ ದೊಡ್ಡ ನಿಟ್ಟುಸಿರು ಬಿಟ್ಟಳು.

“ಇಲ್ಲಪ್ಪ,” ಎಂದಳು. “ಬರಂಗಿಲ್ಲ. ಮಾನ ಹೋಗ್ತದಂತ ಇಷ್ಟು ದಿನ ಮುಚ್ಚಿಟ್ಟಿದ್ದೆ.”

“ಹುಚ್ಚಿ! ಇದರಾಗ ಮಾನದ ಮಾತೇನದ? ಪಾಪ, ಅಚ್ಚುಕೂಟ ಇಟ್ಟಾರ, ಓದಾಕ ಬರಂಗಿಲ್ಲ, ಎಷ್ಟು ಸಂಕಟ ಪಟ್ಟಿರಬೇಕು! ನಾ ಇಲ್ಲೇನು? ಕಣ್ಣು ಹೋದರ ಏನಾತು, ತಿದ್ದಸಾಕ ಬೆರಳು ಸಾಕು. ನಾಳೆ ಮುಂಜಾನಿಂದ ಶುರು. ಓದಾಕ ಬರೋತನಕ ಇವರನ್ನ ಹೊಸಪೇಟಿಗೆ ಕಳಸಂಗಿಲ್ಲ.”

ಶಾಲೆ ಬಿಟ್ಟಂದಿನಿಂದ ಮಂಕಾಗಿದ್ದ ಆ ಮುಖದ ಮೇಲೆ ಅಂಥ ಗೆಲುವು ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎರಡು ಹೋಳಿಗೆ ಹೆಚ್ಚಿಗೆ ಉಂಡರು.

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ, ಬೀದಿಯೆಲ್ಲ ನೋಡುವ ಹಾಗೆ, ತಟ್ಟೆಯಲ್ಲಿ ಅಕ್ಕಿ ಹರವಿಕೊಂಡು ನನ್ನನ್ನು ಮುಂದೆ ಕೂಡಿಸಿಕೊಂಡರು. ನನ್ನ ಬೆರಳನ್ನು ತಮ್ಮ ಕೈಯಲ್ಲಿ ಹಿಡಿದು ನಿಧಾನವಾಗಿ ಅ ಬರೆಸಿದರು. ಹೊಳೆಗೆ ಹೊರಟಿದ್ದ ಪಕ್ಕದ ಮನೆಯವರೊಬ್ಬರು ತಂಬಿಗೆ ಹಿಡಿದುಕೊಂಡು ನಿಂತೇಬಿಟ್ಟರು.

“ಯಾರ್ರೀ ಆಚಾರ್ಯರ ಇವರು?”

“ನಮ್ಮ ಅಳಿಯಂದಿರು,” ಎಂದರು ಮಾವ, ನನ್ನ ಬೆರಳು ಬಿಡದೆ, ಬಹಳ ಹೆಮ್ಮೆಯಿಂದ. “ಹೊಸಪೇಟ್ಯಾಗ ದೊಡ್ಡ ಅಚ್ಚುಕೂಟ ನಡಸ್ತಾರ. ಕಾವ್ಯದ ಪುಸ್ತಕ ಹಾಕ್ತಾರ. ಈಗ ಓದಾಕ ಕಲಿಯಾಕ ಹತ್ಯಾರ.”

ನಾನು ತಲೆ ಎತ್ತದೆ ಇನ್ನೊಂದು ಅ ತಿದ್ದಿದೆ.